ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ

ಗಲ್ಫ್ ಕಂಡ ಯಾವುದೇ ಬ್ಯಾರಿ ಮನೆಯ ಅಟ್ಟ ಹತ್ತಿ ನೋಡಿ. ಬೀಗ ಕೆಟ್ಟ ಒಂದು ಸೂಟ್‌ಕೇಸ್, ಅಂಚು ಹರಿದ ಒಂದು ದಪ್ಪ ಕಂಬಳಿ, ಬಟ್ಟೆ ಸುತ್ತಿಟ್ಟ ಒಂದು ಟೇಪ್ ರೆಕಾರ್ಡರ್. ಈ ಮೂರರಲ್ಲಿ ಎರಡಾದರೂ ಸಿಕ್ಕೇ ಸಿಗುತ್ತವೆ. ಸೂಟ್‌ಕೇಸು, ಕಂಬಳಿ ಯಾವತ್ತಾದರೂ ಯಾರಿಗಾದರೂ ಉಪಯೋಗಕ್ಕೆ ಬರುತ್ತವೆ. ಟೇಪ್ ರೆಕಾರ್ಡರ್ ಮಾತ್ರ ಅಲ್ಲೇ ಕೂತಿರುತ್ತದೆ. ಮನೆ ಕೆಡವುವ ದಿನವೋ ಪಾಲಾಗುವ ದಿನವೋ ಅದು ಗುಜರಿಯವನ ತಕ್ಕಡಿ ಏರುತ್ತದೆ.

ನಮ್ಮ ಮನೆಯಲ್ಲೂ ಹಾಗೇ ಆಗುವುದರಲ್ಲಿತ್ತು. ಉಮ್ಮ ತೀರಿಕೊಂಡು ವರ್ಷ ಕಳೆದ ಮೇಲೆ ಉಪ್ಪಿನಂಗಡಿ ಹತ್ತಿರದ ಹಳೆಯ ಮನೆಯನ್ನು ಖಾಲಿ ಮಾಡಲು ಅಣ್ಣತಮ್ಮಂದಿರು ಸೇರಿದ್ದೆವು. ಉಮ್ಮನ ಕಪಾಟಿನ ಮೇಲೆ, ಹಳೆಯ ವೇಲಿನಲ್ಲಿ ಸುತ್ತಿಟ್ಟ ಜಪಾನ್ ಸೆಟ್ ಸಿಕ್ಕಿತು. ರೇಡಿಯೋ ಮತ್ತು ಟೇಪ್ ಎರಡೂ ಒಂದರಲ್ಲೇ ಇರುವ ಟು-ಇನ್-ವನ್. "ಮೂವತ್ತು ವರ್ಷ ಆಯಿತು ಅದು ಸತ್ತು. ಗುಜರಿಯವನು ಹೊರಗೇ ಇದ್ದಾನೆ, ಕೊಟ್ಟುಬಿಡಿ" ಎಂದ ತಮ್ಮ. ಕೊಡಲು ಕೈ ಬರಲಿಲ್ಲ. ಅದರೊಳಗೆ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು. ಅದರಲ್ಲಿ ನಮ್ಮ ಮರ್ಹೂಂ ಉಪ್ಪನ ಸ್ವರವಿತ್ತು.

ಕಾಗದದ ಬದಲು ಕ್ಯಾಸೆಟ್

ಈಗಿನ ಮಕ್ಕಳಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಪ್ಪತ್ತು, ಎಂಬತ್ತರ ದಶಕದಲ್ಲಿ ನಮ್ಮ ಕಡೆಯವರು ಮುಂಬೈ ದಾರಿಯಾಗಿ ಗಲ್ಫ್‌ಗೆ ಹೋಗುತ್ತಿದ್ದರು. ಹಳ್ಳಿಯ ಮನೆಗಳಲ್ಲಿ ಫೋನಿಲ್ಲ. ಕಾಗದ ಬರಲು ವಾರಗಟ್ಟಲೆ ಬೇಕು. ಬಂದರೂ ಓದಲು ಬಾರದ ಉಮ್ಮಂದಿರೇ ಹೆಚ್ಚು. ಗಂಡ ಹೆಂಡತಿಗೆ ಬರೆದದ್ದನ್ನು ಪಕ್ಕದ ಮನೆಯ ಹುಡುಗ ಗಟ್ಟಿಯಾಗಿ ಓದಿ ಹೇಳಬೇಕು. ಇದಕ್ಕೆ ಪರಿಹಾರವಾಗಿ ಬಂದದ್ದೇ ಕ್ಯಾಸೆಟ್. ಅಲ್ಲಿ ರೂಮಿನಲ್ಲಿ ಕೂತು ಮಾತನಾಡಿ ತುಂಬಿಸಿ, ಊರಿಗೆ ಹೊರಟವರ ಕೈಯಲ್ಲಿ ಕಳುಹಿಸುವುದು. ಇಲ್ಲಿ ಮನೆಯವರೆಲ್ಲ ಸುತ್ತ ಕೂತು ಕೇಳುವುದು. ಆಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಉತ್ತರ ತುಂಬಿಸಿ ವಾಪಸ್ ಕಳುಹಿಸುವುದು. ಹೊಸ ಕ್ಯಾಸೆಟ್ಟಿಗೆ ಯಾರು ದುಡ್ಡು ಹಾಕುತ್ತಾರೆ?

ಹಾಗಾಗಿ ಆ ಕಾಲದ ಸ್ವರಗಳು ಹೆಚ್ಚಿನವು ಉಳಿದಿಲ್ಲ. ರೆಕಾರ್ಡ್ ಗುಂಡಿ ಒತ್ತಿದರೆ ಮೊದಲು ಅಳಿಸುವ ಹೆಡ್ ಹಳೆಯದನ್ನು ಒರೆಸುತ್ತದೆ. ಅದರ ಹಿಂದೆಯೇ ಇನ್ನೊಂದು ಹೆಡ್ ಹೊಸದನ್ನು ಬರೆಯುತ್ತದೆ. ಸ್ಲೇಟಿನ ಹಾಗೆ. ನಮ್ಮ ಉಪ್ಪ ದಮ್ಮಾಮಿನಿಂದ ಎಷ್ಟು ಸಲ ಮಾತನಾಡಿ ಕಳುಹಿಸಿದ್ದರೋ ಲೆಕ್ಕವಿಲ್ಲ. ಉಳಿದದ್ದು 1989ರಲ್ಲಿ ಬಂದ ಕೊನೆಯದು ಮಾತ್ರ. ಅದಕ್ಕೆ ಉತ್ತರ ತುಂಬಿಸಲು ಶುರು ಮಾಡಿದ್ದೆವು. ಕೊಂಡುಹೋಗುವವರು ಸಿಗುವ ಮೊದಲೇ ಉಪ್ಪ ಕಾಯಿಲೆಯಿಂದ ಊರಿಗೆ ಬಂದರು. ಬಂದವರು ತಿರುಗಿ ಹೋಗಲಿಲ್ಲ.

ಆ ಮೇಲೂ ಉಮ್ಮ ಆ ಕ್ಯಾಸೆಟ್ಟನ್ನು ಆಗಾಗ ಹಾಕಿ ಕೇಳುತ್ತಿದ್ದರು. ಮನೆಗೆ ಕರೆಂಟಿರಲಿಲ್ಲ, ಸೆಟ್ ನಡೆಯುತ್ತಿದ್ದದ್ದು ದಪ್ಪ ಸೆಲ್‌ಗಳಲ್ಲಿ. 1994ರಲ್ಲಿ ಕರೆಂಟ್ ಬಂತು. ಸೆಲ್ಲಿನ ಖರ್ಚು ಉಳಿಯಿತೆಂದು ನಾವೇ ಖುಷಿಯಿಂದ ಪ್ಲಗ್ ಹಾಕಿದೆವು. ಕ್ಯಾಸೆಟ್ ಓಡುತ್ತಿತ್ತು. ಎರಡು ನಿಮಿಷದಲ್ಲಿ ಸುಟ್ಟ ವಾಸನೆ, ಆಮೇಲೆ ಮೌನ. ಪ್ಲೇ ಗುಂಡಿ ಕೆಳಗೇ ನಿಂತುಬಿಟ್ಟಿತು, ಟೇಪು ಒಳಗೆ ಸುತ್ತಿಕೊಂಡಿತು. "ಎಳೆಯಬೇಡಿ, ತುಂಡಾದರೆ ಹೋಯಿತು" ಎಂದು ಉಮ್ಮ ಯಾರನ್ನೂ ಮುಟ್ಟಲು ಬಿಡಲಿಲ್ಲ. ವೇಲಿನಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು.

"ಐಸಿ ಹೋಗಿದೆ"

ಮನೆ ಖಾಲಿ ಮಾಡಿದ ರಾತ್ರಿಯೇ ಸೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆವು. ಬೆಳಗ್ಗೆ ಗೊರಗುಂಟೆಪಾಳ್ಯದಲ್ಲಿ ಇಳಿದು, ರಿಂಗ್ ರೋಡಿನಲ್ಲಿ ಬಿಇಎಲ್ ಸರ್ಕಲ್ ದಾಟಿ ಹೆಬ್ಬಾಳಕ್ಕೆ, ಅಲ್ಲಿಂದ ಆರ್.ಟಿ. ನಗರದ ಬಾಡಿಗೆ ಮನೆಗೆ.

ಮಾರನೇ ದಿನ ಮದ್ರಸ ಬಿಟ್ಟ ಮೇಲೆ ಹತ್ತಿರದ ಒಂದು ರಿಪೇರಿ ಅಂಗಡಿಗೆ ಹೋದೆವು. ಹುಡುಗ ಸೆಟ್ಟನ್ನು ಬಿಚ್ಚಲೇ ಇಲ್ಲ. ಮೇಲಿನಿಂದ ಒಮ್ಮೆ ನೋಡಿ, "ಐಸಿ ಹೋಗಿದೆ ಸರ್, ಈಗ ಬರಲ್ಲ. ಬೇಕಾದ್ರೆ ಶೋಕೇಸಿಗೆ ಅಂತ ನಾನೇ ತಗೊತೀನಿ, 500 ಕೊಡ್ತೀನಿ" ಎಂದ. ಬಿಚ್ಚದೆ ಐಸಿ ಹೋದದ್ದು ಹೇಗೆ ತಿಳಿಯಿತು ಎಂದು ಕೇಳಿದ್ದಕ್ಕೆ ಮೊಬೈಲ್ ನೋಡತೊಡಗಿದ. ಹುಡುಗನನ್ನು ಬಯ್ಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವನಿಗೆ ಕಲಿಸಿದವರು ಬೋರ್ಡ್ ಬದಲಿಸಲು ಕಲಿಸಿದ್ದಾರೆ, ದೋಷ ಹುಡುಕಲು ಕಲಿಸಿಲ್ಲ. ಎರಡೂ ಬೇರೆ ಬೇರೆ ವಿದ್ಯೆ.

ನಮ್ಮೂರ ಕಾಕ ಒಬ್ಬರು ಮುಖ್ಯ ರಸ್ತೆಯಲ್ಲಿ ಜ್ಯೂಸ್ ಅಂಗಡಿ ಇಟ್ಟಿದ್ದಾರೆ. ಅವರ ಮಿಕ್ಸಿಗಳನ್ನೆಲ್ಲ ರಿಪೇರಿ ಮಾಡುವವರು ಮತ್ತಿಕೆರೆಯಲ್ಲಿದ್ದಾರೆ ಎಂದರು. "ಉಸ್ತಾದರೇ, ಅವರು ಹಳೆಯ ಕಾಲದ ಬಿಇಎಲ್‌ನವರು. ಆಗದಿದ್ದರೆ ಆಗದು ಎನ್ನುತ್ತಾರೆ. ದುಡ್ಡಿಗಾಗಿ ಮಾತನಾಡುವವರಲ್ಲ."

ಜಾಲಹಳ್ಳಿಯಲ್ಲಿ ಕಲಿತ ಕೈ

ಉತ್ತರ ಬೆಂಗಳೂರಿನಲ್ಲಿ ಇಂಥ ಕೈಗಳು ಸಿಗುವುದಕ್ಕೆ ಕಾರಣವಿದೆ. 1954ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾದದ್ದು ಸೈನ್ಯಕ್ಕೆ ಬೇಕಾದ ಎಲೆಕ್ಟ್ರಾನಿಕ್ ಸಲಕರಣೆ ಮಾಡಲು. ಆದರೆ 1961ರಲ್ಲಿ ಅಲ್ಲಿ ರೇಡಿಯೋ ವಾಲ್ವ್, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್, 1967ರಲ್ಲಿ ಸಿಲಿಕಾನ್ ಬಿಡಿಭಾಗ ಮತ್ತು ಐಸಿಗಳ ತಯಾರಿ ಶುರುವಾಯಿತು. ನಮ್ಮ ದೇಶದ ಎಷ್ಟೋ ರೇಡಿಯೋ, ಆಂಪ್ಲಿಫೈಯರ್‌ಗಳ ಹೊಟ್ಟೆಯಲ್ಲಿದ್ದ ಎಸಿ 127, ಎಸಿ 128 ಟ್ರಾನ್ಸಿಸ್ಟರ್‌ಗಳು ಇದೇ ರಿಂಗ್ ರೋಡಿನ ಪಕ್ಕದಲ್ಲಿ ತಯಾರಾದವು. ಇವತ್ತು ನಾವು ಓಟು ಹಾಕುವ ಮತಯಂತ್ರ ಮಾಡುವ ಎರಡು ಸರ್ಕಾರಿ ಕಂಪನಿಗಳಲ್ಲಿ ಇದೂ ಒಂದು. ಅಲ್ಲಿ ಕೆಲಸ ಮಾಡಿ ನಿವೃತ್ತರಾದವರು ಜಾಲಹಳ್ಳಿ, ಮತ್ತಿಕೆರೆ, ಯಶವಂತಪುರ, ಯಲಹಂಕದ ಗಲ್ಲಿಗಳಲ್ಲಿ ಇನ್ನೂ ಇದ್ದಾರೆ.

ನಾವು ಕಂಡವರಿಗೆ ಎಪ್ಪತ್ತು ದಾಟಿದೆ. ಹೆಸರು ಹಾಕಬೇಡಿ ಎಂದರು, ಹಾಗಾಗಿ ಯಜಮಾನರು ಎಂದೇ ಕರೆಯುತ್ತೇವೆ. ಮನೆಯ ಕೆಳಗಿನ ಒಂದು ಕೋಣೆಯೇ ಅಂಗಡಿ. ಒಂದು ಮೇಜು, ಒಂದು ದೀಪ, ಒಂದು ಮೀಟರ್, ಒಂದು ಸೋಲ್ಡರಿಂಗ್ ಐರನ್.

"ಏನ್ ಮೇಷ್ಟ್ರೇ, ಇದನ್ನ ಎಲ್ಲಿಂದ ತಂದ್ರಿ?" ಎಂದು ಸೆಟ್ಟನ್ನು ಮಗುವಿನ ಹಾಗೆ ಎತ್ತಿಕೊಂಡರು. ನಾವು ಪ್ಲಗ್ ಹುಡುಕತೊಡಗಿದೆವು. "ಪ್ಲಗ್ ಹಾಕ್ಬೇಡಿ. ಮೊದಲು ಕಣ್ಣು, ಆಮೇಲೆ ಮೂಗು, ಆಮೇಲೆ ಮೀಟರ್. ಕರೆಂಟ್ ಕೊನೆಗೆ" ಎಂದರು.

ಹಿಂಬದಿ ನೋಡಿದವರೇ ನಕ್ಕರು. ಅಲ್ಲಿ ಒಂದು ಸಣ್ಣ ಸ್ವಿಚ್ಚಿತ್ತು. ಒಂದು ಕಡೆ 110-127, ಇನ್ನೊಂದು ಕಡೆ 220-240. ಸ್ವಿಚ್ಚು 110ರ ಕಡೆ ಇತ್ತು. ಸೌದಿಯ ಮನೆಗಳಲ್ಲಿ ಆಗ 127 ವೋಲ್ಟ್ ಕರೆಂಟಿತ್ತು. ನಮ್ಮದು 230. ಅಲ್ಲಿಂದ ತಂದ ಸೆಟ್ಟನ್ನು ಸ್ವಿಚ್ ತಿರುಗಿಸದೆ ಇಲ್ಲಿ ಹಾಕಿದರೆ ಟ್ರಾನ್ಸ್‌ಫಾರ್ಮರ್ ತಡೆಯಬಲ್ಲದಕ್ಕಿಂತ ಹೆಚ್ಚು ಕಮ್ಮಿ ಎರಡರಷ್ಟು ಒತ್ತಡ ಬೀಳುತ್ತದೆ. ಅದರ ತಂತಿ ಕಾಯುತ್ತದೆ, ಒಳಗಿನ ಫ್ಯೂಸ್ ಕರಗುತ್ತದೆ. "ಗಲ್ಫ್ ಸೆಟ್ಟುಗಳು ಅರ್ಧಕ್ಕರ್ಧ ಸತ್ತಿದ್ದು ಹೀಗೇನೇ" ಎಂದರು. ಮೀಟರ್ ಹಿಡಿದು ತೋರಿಸಿದರು. ಟ್ರಾನ್ಸ್‌ಫಾರ್ಮರಿನ ಒಂದು ತುದಿಯಿಂದ ಇನ್ನೊಂದಕ್ಕೆ ದಾರಿಯೇ ಇಲ್ಲ. ತಂತಿ ಒಳಗೆ ಕಡಿದಿದೆ.

ಅರ್ಧ ಅರ್ಧ ಮಾಡಿ ಹುಡುಕುವುದು

ಇಲ್ಲಿಂದ ಮುಂದೆ ಅವರು ಮಾಡಿದ್ದೇ ಈ ಲೇಖನದ ತಿರುಳು. ಮನೆಯಲ್ಲಿ ಯಾವ ಹಳೆಯ ಎಲೆಕ್ಟ್ರಾನಿಕ್ ವಸ್ತು ಕೆಟ್ಟರೂ ಈ ಕ್ರಮ ಉಪಯೋಗಕ್ಕೆ ಬರುತ್ತದೆ.

"ನಲ್ಲಿಯಲ್ಲಿ ನೀರು ಬರ್ಲಿಲ್ಲ ಅಂದ್ರೆ ಏನ್ ಮಾಡ್ತೀರಿ ಮೇಷ್ಟ್ರೇ? ಟ್ಯಾಂಕಿಯಿಂದ ನಲ್ಲಿವರೆಗೂ ಗೋಡೆ ಒಡೀತೀರಾ? ಮಧ್ಯದಲ್ಲಿ ಒಂದು ಕಡೆ ಬಿಚ್ಚಿ ನೋಡ್ತೀರಿ. ಅಲ್ಲಿವರೆಗೂ ನೀರು ಬಂದಿದ್ರೆ ದೋಷ ಮುಂದೆ, ಬರದಿದ್ರೆ ಹಿಂದೆ." ಸೆಟ್ಟಿನಲ್ಲಿ ಎಂಟು ಹಂತಗಳಿವೆ ಎಂದುಕೊಳ್ಳಿ. ಒಂದೊಂದಾಗಿ ಹುಡುಕಿದರೆ ಎಂಟು ಸಲ ನೋಡಬೇಕಾಗಬಹುದು. ನಡುವಿನಿಂದ ನೋಡಿದರೆ ಎಂಟು ನಾಲ್ಕಾಗುತ್ತದೆ, ನಾಲ್ಕು ಎರಡಾಗುತ್ತದೆ, ಎರಡು ಒಂದಾಗುತ್ತದೆ. ಮೂರೇ ಪರೀಕ್ಷೆ.

ಮೊದಲ ಅರ್ಧ ಕರೆಂಟು. ಟ್ರಾನ್ಸ್‌ಫಾರ್ಮರ್ ಹೋಗಿದೆ ಸರಿ, ಉಳಿದದ್ದು ಬದುಕಿದೆಯೋ? ಅದಕ್ಕೆ ಸೆಲ್ ಹಾಕಿ ನೋಡಿದರೆ ಸಾಕು. ಸೆಲ್ ಇಡುವ ಗೂಡು ತೆರೆದರೆ ಒಳಗೆ ಮೂವತ್ತು ವರ್ಷದ ಹಳೆಯ ಸೆಲ್‌ಗಳು ಸೋರಿ, ಸ್ಪ್ರಿಂಗುಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು. ಹಳೆಯ ಸಾದಾ ಸೆಲ್ಲಿನ ಸೋರಿಕೆ ಹುಳಿ ಜಾತಿಯದು, ಅದಕ್ಕೆ ಅಡುಗೆ ಸೋಡಾ ಕಲಸಿ ಒರೆಸಬೇಕು. ಈಗಿನ ಆಲ್ಕಲೈನ್ ಸೆಲ್ಲಿನದು ಕ್ಷಾರ, ಅದಕ್ಕೆ ವಿನೆಗರ್ ಅಥವಾ ಲಿಂಬೆ ರಸ. ಆಮೇಲೆ ಎರಡಕ್ಕೂ ಸ್ಪಿರಿಟ್ ಹಚ್ಚಿ ಒಣಗಿಸಬೇಕು. ಸ್ಪ್ರಿಂಗು ಹೊಳೆಯುವವರೆಗೆ ಉಜ್ಜಿ, ಆರು ಹೊಸ ಸೆಲ್ ಹಾಕಿದರು. ಒಂದೊಂದೂ ಒಂದೂವರೆ ವೋಲ್ಟ್, ಒಟ್ಟು 9.

ರೇಡಿಯೋ ಹಾಕಿದರೆ ಒಂದು ಸದ್ದಿಲ್ಲ. ನಮ್ಮ ಮುಖ ಬಾಡಿತು. ಅವರು ಹೆಡ್‌ಫೋನ್ ಸಿಕ್ಕಿಸುವ ತೂತಿಗೆ ಒಂದು ಪಿನ್ನನ್ನು ನಾಲ್ಕೈದು ಸಲ ಹಾಕಿ ತೆಗೆದರು. ಸ್ಪೀಕರಿನಲ್ಲಿ 'ಸರ್ರ್' ಎಂದಿತು! ಸ್ಪೀಕರಿಗೆ ಹೋಗುವ ದಾರಿ ಆ ತೂತಿನೊಳಗಿನ ಸಣ್ಣ ತಗಡನ್ನು ದಾಟಿಯೇ ಹೋಗುತ್ತದಂತೆ. ಹೆಡ್‌ಫೋನ್ ಹಾಕಿದಾಗ ಸ್ಪೀಕರ್ ನಿಲ್ಲಬೇಕಲ್ಲ, ಅದಕ್ಕೆ ಮಾಡಿದ ಏರ್ಪಾಡು. ಆ ತಗಡು ಕಿಲುಬು ಹಿಡಿದರೆ ಸೆಟ್ಟೇ ಸತ್ತ ಹಾಗೆ ಕಾಣುತ್ತದೆ. ಎಷ್ಟು ಸೆಟ್ಟುಗಳು ಇಷ್ಟಕ್ಕೇ ಗುಜರಿಗೆ ಹೋಗಿವೆಯೋ! ವಾಲ್ಯೂಮ್ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಸಲ ತಿರುಗಿಸಿದರು. ಮುಳ್ಳನ್ನು 612ಕ್ಕೆ ತಂದಾಗ ಬೆಂಗಳೂರು ಆಕಾಶವಾಣಿ ಮಾತನಾಡಿತು.

"ಈಗ ನೋಡಿ, ರೇಡಿಯೋ ಬಂತು ಅಂದ್ರೆ ಆಂಪ್ಲಿಫೈಯರ್ ಸರಿ, ಸ್ಪೀಕರ್ ಸರಿ, ಐಸಿನೂ ಸರಿ. ಉಳಿದಿದ್ದು ಟೇಪಿನ ಭಾಗ ಮಾತ್ರ." ಐಸಿ ಹೋಗಿದೆ ಎಂದ ಹುಡುಗನ ನೆನಪಾಯಿತು.

ಡಾಂಬರಾದ ಬೆಲ್ಟು

ಟೇಪಿನ ಭಾಗಕ್ಕೆ ಕೈ ಹಾಕುವ ಮೊದಲು ಕ್ಯಾಸೆಟ್ ಹೊರಗೆ ಬರಬೇಕು. ಅದಕ್ಕೆ ಅವರು ಒಂದು ಗಂಟೆ ತೆಗೆದುಕೊಂಡರು. ಸುತ್ತಿಕೊಂಡ ಟೇಪನ್ನು ಎಳೆಯದೆ, ರಬ್ಬರ್ ರೋಲರನ್ನೇ ಬಿಚ್ಚಿ, ಕೈಯಿಂದ ಹಿಮ್ಮುಖವಾಗಿ ತಿರುಗಿಸುತ್ತಾ ಒಂದೊಂದೇ ಸುತ್ತು ಬಿಡಿಸಿದರು. ಟೇಪಿನ ಅಗಲ ಇರುವುದೇ 4 ಮಿಲಿಮೀಟರಿಗಿಂತ ಕಡಿಮೆ. ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಒಂದು ಗೇಣಿನಷ್ಟು ಸುಕ್ಕಾಗಿತ್ತು, ತುಂಡಾಗಿರಲಿಲ್ಲ. ಉಮ್ಮ ಯಾರಿಗೂ ಎಳೆಯಲು ಬಿಡದೆ ಇದ್ದದ್ದು ಎಂಥ ಒಳ್ಳೆಯದಾಯಿತು.

ಪ್ಲೇ ಒತ್ತಿದರೆ ಮೋಟಾರ್ ತಿರುಗಲಿಲ್ಲ. ಗುಂಡಿಯ ಕೆಳಗೆ ಎರಡು ತೆಳ್ಳನೆಯ ತಗಡುಗಳಿವೆ, ಗುಂಡಿ ಒತ್ತಿದಾಗ ಅವು ತಾಗಿ ಮೋಟಾರಿಗೆ ಕರೆಂಟ್ ಹೋಗುತ್ತದೆ. ಅವೂ ಕಪ್ಪಾಗಿದ್ದವು. ನಡುವೆ ಬಿಳಿ ಕಾಗದದ ಚೂರಿಟ್ಟು ಎಳೆದರು, ಕಾಗದಕ್ಕೆ ಕಪ್ಪು ಅಂಟಿತು. ಮೋಟಾರ್ ತಿರುಗಿತು. ಆದರೆ ಚಕ್ರಗಳು ಅಲುಗಲಿಲ್ಲ. ರಬ್ಬರ್ ಬೆಲ್ಟು ಕರಗಿ ಡಾಂಬರಿನ ಹಾಗಾಗಿ ಪುಲ್ಲಿಗೆ ಅಂಟಿತ್ತು.

ಅಂಗಡಿಯಲ್ಲಿ ಆ ಅಳತೆಯ ಬೆಲ್ಟಿರಲಿಲ್ಲ. ಪುಲ್ಲಿಗಳ ಸುತ್ತ ದಾರ ಸುತ್ತಿ ಅಳೆದು, ಅದಕ್ಕಿಂತ ಒಂದಿಷ್ಟು ಚಿಕ್ಕದು ತನ್ನಿ, ಹಿಗ್ಗಿ ಬಿಗಿಯಾಗಿ ಕೂರಬೇಕು ಎಂದು ಹೇಳಿ ಕಳುಹಿಸಿದರು. ಸದರ್ ಪತ್ರಪ್ಪ ರಸ್ತೆ, ಅಂದರೆ ನಮ್ಮೆಲ್ಲರ ಎಸ್.ಪಿ. ರೋಡ್, ಬೆಂಗಳೂರಿನಲ್ಲಿ ಇಂಥದ್ದಕ್ಕೆಲ್ಲ ಕೊನೆಯ ಬಾಗಿಲು. ಹತ್ತನೇ ಕ್ಲಾಸಿನ ಮಗನನ್ನು ಕರೆದುಕೊಂಡು ಹೋದೆವು. ಐದಾರು ಅಂಗಡಿಗಳಲ್ಲಿ ಇಲ್ಲ ಎಂದರು. ಕೊನೆಗೆ ಒಬ್ಬರು ಹಿರಿಯರು ಡಬ್ಬಿಯಿಂದ ಬೆಲ್ಟುಗಳ ಗೊಂಚಲು ಸುರಿದು, ನಮ್ಮ ದಾರದ ಪಕ್ಕ ಒಂದೊಂದೇ ಇಟ್ಟು ನೋಡಿ ಆರಿಸಿ ಕೊಟ್ಟರು. 50 ರೂಪಾಯಿ. ಮೂವತ್ತು ವರ್ಷ ಒಂದು ಸ್ವರ ಮುಚ್ಚಿಹೋಗಿದ್ದಕ್ಕೆ ಬೇಕಾಗಿದ್ದ ಸಾಮಾನುಗಳಲ್ಲಿ ಇದೂ ಒಂದು.

ಗುಂಡಿ ಒತ್ತಿಕೊಂಡೇ ಇದ್ದದ್ದರಿಂದ ರಬ್ಬರ್ ರೋಲರಿನಲ್ಲಿ ಗುಳಿ ಬಿದ್ದಿತ್ತು, ಅದನ್ನೂ ಬದಲಿಸಿದರು. ಹೆಡ್ಡಿನ ಮೇಲೆ ಕಂದು ಪುಡಿ ಕೂತಿತ್ತು. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದರು. ಪ್ಲೇ ಮತ್ತು ರೆಕಾರ್ಡ್ ನಡುವೆ ಬದಲಿಸುವ ಒಂದು ಉದ್ದನೆಯ ಸ್ವಿಚ್ ಬೋರ್ಡಿನ ಮೇಲಿರುತ್ತದೆ. ಹಳೆಯ ಸೆಟ್ಟುಗಳು ಕೂಗುವುದು, ಸ್ವರ ಬಂದು ಹೋಗುವುದು ಬಹಳ ಸಲ ಇದರಿಂದಲೇ. ಕ್ಯಾಸೆಟ್ ಹಾಕದೆ ಅದಕ್ಕೂ ಕ್ಲೀನರ್ ಬಿಟ್ಟು ಹಿಂದೆ ಮುಂದೆ ಸರಿಸಿದರು. ಆಮೇಲೆ ಬೇಡವಾದ ಒಂದು ಸಿನಿಮಾ ಕ್ಯಾಸೆಟ್ ಹಾಕಿ ಅರ್ಧ ಗಂಟೆ ಓಡಿಸಿದರು. ಹಾಡು ಸ್ವಲ್ಪ ಎಳೆದಂತೆ ಬರುತ್ತಿತ್ತು. ಮೋಟಾರಿನ ಹಿಂದಿನ ತೂತಿನಲ್ಲಿ ಸಣ್ಣ ಸ್ಕ್ರೂ ಡ್ರೈವರ್ ಹಾಕಿ ವೇಗ ಸರಿ ಮಾಡಿದರು. "ನಿಮ್ಮ ಕ್ಯಾಸೆಟ್ ಮೇಲೆ ಪರೀಕ್ಷೆ ಮಾಡೋದು ಬೇಡ. ಅದು ಒಂದೇ ಇರೋದು" ಎಂದರು. ಕೈಗುಣಕ್ಕಿಂತ ಹೆಚ್ಚಾಗಿ ಈ ಒಂದು ಮಾತಿಗೆ ನಮಗೆ ಅವರ ಮೇಲೆ ಗೌರವ ಬಂತು. ಬೇರೆಯವರ ವಸ್ತು ಕೈಯಲ್ಲಿರುವಷ್ಟು ಹೊತ್ತು ಅದು ಅಮಾನತ್ತು ಎಂದು ನಾವು ಮಕ್ಕಳಿಗೆ ಹೇಳಿಕೊಡುವುದು ಇದನ್ನೇ ಅಲ್ಲವೇ?

ದೂರದೇಶದ ಆಟದ ಯಂತ್ರಗಳಲ್ಲೂ ಇದೇ ಕಥೆ

ಕೆಲಸದ ನಡುವೆ ಮಗ ಒಂದು ಪ್ರಶ್ನೆ ಕೇಳಿದ. ಈ ವಿದ್ಯೆ ಟೇಪ್ ರೆಕಾರ್ಡರಿಗೆ ಮಾತ್ರವೋ ಎಂದು. ಯಜಮಾನರು ಪಿನ್‌ಬಾಲ್ ಎಂಬ ಆಟದ ಯಂತ್ರದ ವಿಷಯ ಹೇಳಿದರು. ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಓಡುತ್ತದೆ, ತಾಗಿದಲ್ಲೆಲ್ಲ ದೀಪ ಹತ್ತಿ ಗಂಟೆ ಬಾರಿಸಿ ಅಂಕ ಏರುತ್ತದೆ. ಅಮೆರಿಕದಲ್ಲಿ ನಾಣ್ಯ ಹಾಕಿ ಆಡುವ ಯಂತ್ರ. ಎಪ್ಪತ್ತರ ದಶಕದ ಕೊನೆಗೆ ಅದರೊಳಗೂ ಎಲೆಕ್ಟ್ರಾನಿಕ್ ಬೋರ್ಡು ಬಂತು. ಅಂಕ ನೆನಪಿಡಲು ಬೋರ್ಡಿನ ಮೇಲೆ ಒಂದು ಬ್ಯಾಟರಿ ಇಟ್ಟರು. ಈಗ ಅವನ್ನು ಜೋಪಾನ ಮಾಡುವವರ ದೊಡ್ಡ ತಲೆನೋವೆಂದರೆ ಆ ಬ್ಯಾಟರಿ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದುಹಾಕುವುದು. ಎರಡನೆಯದು, ಗುಂಡು ತಾಗಿದಾಗ ಕೂಡಬೇಕಾದ ತೆಳ್ಳನೆಯ ತಗಡುಗಳು ಕಪ್ಪಾಗುವುದು. ಮೂರನೆಯದು, ಕಾದು ಕಾದು ಬೆಸುಗೆ ಬಿರಿಯುವುದು. "ನಿಮ್ಮ ಸೆಟ್ಟಲ್ಲಿ ಏನಾಗಿದೆಯೋ ಅದೇ. ಯಂತ್ರ ದೊಡ್ಡದು, ರೋಗ ಒಂದೇ" ಎಂದರು.

ನಮ್ಮ ಮಸೀದಿಗಳ ಮೈಕು, ಆಂಪ್ಲಿಫೈಯರಿಗೂ ಈ ಮಾತು ಸಲ್ಲುತ್ತದೆ. ಜುಮಾ ದಿನ ಮೈಕು ಕೈಕೊಟ್ಟರೆ ಹೊಸ ಆಂಪ್ಲಿಫೈಯರ್ ತರಲು ಚಂದಾ ಎತ್ತುವ ಮೊದಲು ಜ್ಯಾಕಿನ ಪಿನ್ ಒರೆಸಿ ನೋಡಿ. ವಯರಿನ ತುದಿಯ ಬೆಸುಗೆ ಅಲ್ಲಾಡಿಸಿ ನೋಡಿ. ಜುಂಯ್ ಎಂಬ ಸದ್ದು ತಾನೇ ತಾನಾಗಿ ಬರುತ್ತಿದ್ದರೆ ಒಳಗಿನ ದೊಡ್ಡ ಕೆಪಾಸಿಟರ್ ಒಣಗಿರಬಹುದು, ಬಲ್ಲವರಿಗೆ ಅದನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ.

ಕ್ಯಾಸೆಟ್ ಮಾತನಾಡಿತು

ಕೊನೆಗೆ ಉಳಿದದ್ದು ಕ್ಯಾಸೆಟ್. ನಮ್ಮ ಕರಾವಳಿಯ ಮಳೆಗಾಲ ಅದನ್ನು ಬಿಟ್ಟಿರಲಿಲ್ಲ, ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಬಟ್ಟೆಯ ಚೂರು ಉದುರಿಹೋಗಿತ್ತು. ಅದಿಲ್ಲದಿದ್ದರೆ ಸ್ವರ ಗುಹೆಯೊಳಗಿನಿಂದ ಬಂದ ಹಾಗಿರುತ್ತದೆ. ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ ಬಿಚ್ಚಿ, ಅದರ ಗೂಡಿಗೆ ನಮ್ಮ ಸುರುಳಿಗಳನ್ನು ವರ್ಗಾಯಿಸಿದರು. ಒಣ ಬಟ್ಟೆಯಲ್ಲಿ ಬೂಷ್ಟು ಒರೆಸಿದರು. ಪೆನ್ಸಿಲ್ ಹಾಕಿ ಕೈಯಿಂದ ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ ಪೂರ್ತಿ ಸುತ್ತಿದರು. ಹೊಸ ಗೂಡಿನ ಹಿಂದಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಹಾಕಿದರು. ಅವು ಇಲ್ಲದಿದ್ದರೆ ರೆಕಾರ್ಡ್ ಗುಂಡಿ ಒತ್ತಿದರೂ ಇಳಿಯುವುದಿಲ್ಲ.

ಇನ್ನೊಂದು ಮುಂಜಾಗ್ರತೆ. ಮೊದಲ ಸಲ ಓಡಿಸುವಾಗಲೇ ಕಂಪ್ಯೂಟರಿಗೆ ಸೇರಿಸಿಕೊಳ್ಳಬೇಕು, ಎರಡನೇ ಸಲ ಟೇಪು ಇರುತ್ತದೆಂಬ ಭರವಸೆ ಇಲ್ಲ ಎಂದರು. ಹೆಡ್‌ಫೋನ್ ತೂತಿನಿಂದ ಒಂದು ವಯರು ಮಗನ ಲ್ಯಾಪ್‌ಟಾಪಿಗೆ. ಆಡಾಸಿಟಿ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಸ್ವರ ಹೆಚ್ಚಾಗಿ ಒಡೆಯದಂತೆ ವಾಲ್ಯೂಮ್ ಕಮ್ಮಿ ಇಟ್ಟು, ಬಿಸ್ಮಿ ಹೇಳಿ ಪ್ಲೇ ಒತ್ತಿದೆವು. ಕ್ಯಾಸೆಟ್ ಟೇಪು ಸೆಕೆಂಡಿಗೆ 5 ಸೆಂಟಿಮೀಟರಿಗೂ ಕಡಿಮೆ ಓಡುತ್ತದೆ. ಅಷ್ಟು ನಿಧಾನ ಅದು ಯಾವತ್ತೂ ಅನಿಸಿರಲಿಲ್ಲ.

ಮೊದಲು ಬಂದದ್ದು ಉಪ್ಪನ ಸ್ವರವಲ್ಲ. ಒಬ್ಬ ಹುಡುಗ ರಾಗವಾಗಿ ಬೈತ್ ಹೇಳುತ್ತಿದ್ದ. ನಡುವೆ ತಪ್ಪಿದಾಗ ಹಿಂದಿನಿಂದ ಉಮ್ಮನ ಸ್ವರ ತಿದ್ದಿತು. ಅದು ನಾವೇ, ಹತ್ತು ವರ್ಷದವರು. ಉಪ್ಪನಿಗೆ ಕಳುಹಿಸಲೆಂದು ತುಂಬಿಸಿದ್ದ ಉತ್ತರ. ನಾಲ್ಕು ನಿಮಿಷ. ಆ ನಾಲ್ಕು ನಿಮಿಷದ ಕೆಳಗೆ ಉಪ್ಪನ ಸಲಾಮ್ ಇದ್ದಿರಬೇಕು, ಮಕ್ಕಳ ಹೆಸರು ಹಿಡಿದು ಕರೆದದ್ದಿರಬೇಕು. ಅದನ್ನು ಅಳಿಸಿದವರು ನಾವೇ. ಇನ್ನು ಯಾವ ಯಜಮಾನರಿಂದಲೂ ಅದನ್ನು ತಿರುಗಿ ತರಲಾಗದು. ಆದರೆ ಉಮ್ಮನ ಸ್ವರವೂ ಅದರಲ್ಲಿ ಉಳಿದಿದೆ ಎಂದು ನಮಗೆ ಗೊತ್ತಿರಲಿಲ್ಲ.

ಆಮೇಲೆ 'ಟಕ್' ಎಂದಿತು. ಉಪ್ಪ ಮಾತನಾಡಿದರು. ಬ್ಯಾರಿ ಭಾಷೆಯಲ್ಲಿ, ನಿಧಾನವಾಗಿ, ಹಿಂದೆ ಫ್ಯಾನಿನ ಸದ್ದು. ಡ್ರಾಫ್ಟ್ ಕಳುಹಿಸಿದ್ದೇನೆ, ಅಂಗಡಿಯ ಬಾಕಿ ಮೊದಲು ಕೊಟ್ಟುಬಿಡು ಎಂದರು. ಮಳೆಗೆ ಮೊದಲು ಮಾಡಿನ ಹಂಚು ನೋಡಿಸು ಎಂದರು. ಕರೆಂಟಿನ ಕಂಬ ಬರುತ್ತದೆಂದು ಹೇಳಿದ್ದೀರಿ, ಬಂದರೆ ಸೆಟ್ಟಿನ ಹಿಂದೆ ಒಂದು ಸ್ವಿಚ್ಚಿದೆ, ಅದನ್ನು ತಿರುಗಿಸದೆ ಪ್ಲಗ್ ಹಾಕಬೇಡಿ, ಇಲ್ಲಿನ ಕರೆಂಟೇ ಬೇರೆ, ಅಲ್ಲಿನದೇ ಬೇರೆ ಎಂದರು.

ನಾವು ಅದನ್ನು ಯಜಮಾನರಿಗೆ ಕನ್ನಡದಲ್ಲಿ ಹೇಳಿದೆವು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ತಂದೆ ಸರಿಯಾಗೇ ಹೇಳಿದ್ರು ಮೇಷ್ಟ್ರೇ" ಎಂದರು, ಅಷ್ಟೇ.

ಹೊಸ ಟ್ರಾನ್ಸ್‌ಫಾರ್ಮರ್, ಉಬ್ಬಿದ್ದ ಒಂದು ಕೆಪಾಸಿಟರ್, ರೋಲರ್, ಎಲ್ಲ ಸೇರಿ ಸಾಮಾನಿಗೆ 650 ರೂಪಾಯಿ, ಕೂಲಿ 500. ಹೆಚ್ಚು ಕೊಡಲು ಹೋದದ್ದಕ್ಕೆ ತೆಗೆದುಕೊಳ್ಳಲಿಲ್ಲ. ಆ ರಾತ್ರಿಯೇ ಸ್ವರವನ್ನು ಜುಬೈಲಿನಲ್ಲಿರುವ ಅಣ್ಣನಿಗೆ, ಊರಿನ ತಮ್ಮನಿಗೆ ಕಳುಹಿಸಿದೆವು. ತಮ್ಮ ಹುಟ್ಟಿದ್ದು 1989ರಲ್ಲಿ. ಅವನಿಗೆ ಉಪ್ಪನ ಸ್ವರ ಗೊತ್ತೇ ಇರಲಿಲ್ಲ. ಅವನು ಉತ್ತರ ಬರೆಯಲಿಲ್ಲ, ಸುಬ್‌ಹಿ ಆದ ಮೇಲೆ ಫೋನ್ ಮಾಡಿದ.

ನಿಮ್ಮ ಮನೆಯಲ್ಲೂ ಇದ್ದರೆ

ಇದನ್ನು ಓದಿದ ಮೇಲೆ ಕೆಲವರಾದರೂ ಅಟ್ಟ ಹತ್ತುತ್ತೀರಿ ಎಂದು ನಂಬಿದ್ದೇವೆ. ಯಜಮಾನರಿಂದ ಕಲಿತ ನಾಲ್ಕು ಮಾತು ಹೇಳಿ ಮುಗಿಸುತ್ತೇವೆ.

ಒಂದು, ಇವತ್ತೇ ಹಳೆಯ ಸೆಲ್‌ಗಳನ್ನು ತೆಗೆದುಬಿಡಿ. ರಿಪೇರಿ ನಾಳೆ ಮಾಡಿಸಬಹುದು, ಸೋರಿಕೆ ಕಾಯುವುದಿಲ್ಲ.

ಎರಡು, ಬಹಳ ವರ್ಷ ಸುಮ್ಮನಿದ್ದ ಸೆಟ್ಟಿಗೆ ನೇರವಾಗಿ ಪ್ಲಗ್ ಹಾಕಬೇಡಿ. ಹಿಂದಿನ ವೋಲ್ಟ್ ಸ್ವಿಚ್ ನೋಡಿ. ಹಳೆಯ ಡಬ್ಬಿ ಟಿವಿ, ವಾಲ್ವ್ ರೇಡಿಯೋ, ಮೈಕ್ರೋವೇವ್ ಒಲೆ, ಈ ಮೂರನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಪ್ರಾಣ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು.

ಮೂರು, ಸ್ವರ ಇರುವ ಕ್ಯಾಸೆಟ್ಟಿನ ಕಿವಿ ಮುರಿಯಿರಿ. ಓಡುತ್ತದೋ ಎಂದು ಸಿಕ್ಕ ಸೆಟ್ಟಿನಲ್ಲಿ ಹಾಕಿ ನೋಡಬೇಡಿ. ಕಂಪ್ಯೂಟರಿಗೆ ಹಾಕಿಸಿದ ಮೇಲೆ ಎರಡು ಪ್ರತಿ ಎರಡು ಮನೆಯಲ್ಲಿಡಿ.

ನಾಲ್ಕು, ಬಿಚ್ಚದೆ ರೋಗ ಹೇಳುವವರನ್ನು ನಂಬಬೇಡಿ. ಬಿಚ್ಚಿ, ಬಿಡಿಸಿ ತೋರಿಸುವವರನ್ನು ಹುಡುಕಿ.

ಈ ನಾಲ್ಕನೆಯದು ದಿನೇ ದಿನೇ ಕಷ್ಟವಾಗುತ್ತಿದೆ. ಯಜಮಾನರ ಮಕ್ಕಳಿಬ್ಬರೂ ಸಾಫ್ಟ್‌ವೇರಿನಲ್ಲಿದ್ದಾರೆ, ಆ ಮೇಜಿನ ಮುಂದೆ ಕೂರುವವರಿಲ್ಲ. ನಮ್ಮ ಹುಡುಗರಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ಮುಂದೇನು ಎಂದು ತಿಳಿಯದೆ ಅಂಗಡಿಗೋ ವೀಸಾಕ್ಕೋ ಕಾಯುವವರು ಎಷ್ಟೋ ಮಂದಿ. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎಂಬ 2 ವರ್ಷದ ಕೋರ್ಸಿದೆ. ಅದರ ಜೊತೆಗೆ ಇಂಥ ಒಬ್ಬರ ಪಕ್ಕ ಒಂದು ವರ್ಷ ಕೂತರೆ ಹುಡುಗನ ಕೈ ಎಲ್ಲೂ ಖಾಲಿ ಇರುವುದಿಲ್ಲ. ನಮ್ಮ ಮಗ ಈಗ ಪ್ರತಿ ಭಾನುವಾರ ಅಸರ್ ಆದ ಮೇಲೆ ಮತ್ತಿಕೆರೆಗೆ ಹೋಗುತ್ತಾನೆ. ಕಳೆದ ವಾರ ಬಂದವನು, ಕಾಕನ ಜ್ಯೂಸ್ ಅಂಗಡಿಯ ಮಿಕ್ಸಿಗೆ ಹೊಸ ಮೋಟಾರ್ ಬೇಕಿರಲಿಲ್ಲ, ಸ್ವಿಚ್ಚಿನ ತಗಡು ಮಾತ್ರ ಕಪ್ಪಾಗಿತ್ತು ಎಂದ. ಮೊದಲು ಕಣ್ಣಿಂದ ನೋಡಿದೆಯಾ ಎಂದು ಕೇಳಿದೆವು. ಮೊದಲು ಕಣ್ಣು, ಆಮೇಲೆ ಮೂಗು ಎಂದು ನಕ್ಕ.